ಹೆಸರು ಹಿಡಿಸದ ಕೋಣೆ

ನಾನು ಒಂದು ಕಬ್ಬಿಣದ ಪೆಟ್ಟಿಗೆ. ಮೈಬಣ್ಣ ಬೂದು, ಎದೆಯ ಮೇಲೆ ಒಂದು ಪರದೆ, ಅದರ ಕೆಳಗೆ ಎರಡು ಸಾಲು ಗುಂಡಿ. ಚಿನ್ನದ ಗಣಿಯ ಬಾವಿಯೊಳಗೆ ಜನರನ್ನು ಇಳಿಸುವ ಒಂದು ಕಬ್ಬಿಣದ ಪಂಜರ ಇರುತ್ತದೆ. ಗಣಿಯವರು ಅದನ್ನು ಕೇಜು ಎನ್ನುತ್ತಾರೆ. ಆ ಕೇಜು ಎಷ್ಟು ಆಳಕ್ಕೆ ಹೋಗಿ ನಿಲ್ಲಬೇಕು ಎಂದು ಮೇಲಿನ ಮೋಟಾರಿಗೆ ಹೇಳುವುದು ನನ್ನ ಕೆಲಸವಾಗಿತ್ತು.

ನಾನು ಹುಟ್ಟಿದ್ದು ಹುಬ್ಬಳ್ಳಿಯ ಒಂದು ತಗಡಿನ ಶೆಡ್ಡಿನಲ್ಲಿ. ಮೈ ಕಟ್ಟಿದವರು ಹಲವರು, ಬುದ್ಧಿ ಕೊಟ್ಟವನು ಒಬ್ಬನೇ. ಅವನ ಹೆಸರು ಪ್ರಹ್ಲಾದ ಕಟ್ಟಿ. ಕಣ್ಣಿನ ಕೆಳಗೆ ಕಪ್ಪು ಕಟ್ಟಿದ್ದ, ಸದಾ ಅವಸರದಲ್ಲಿರುತ್ತಿದ್ದ ಮನುಷ್ಯ. ಸಿ ಎಂಬ ಭಾಷೆಯಲ್ಲಿ ನನಗೆ ಬೇಕಾದ ಆಜ್ಞೆಗಳನ್ನೆಲ್ಲ ಬರೆದ. ಆ ಭಾಷೆ ಹೇಳಿದಷ್ಟನ್ನು ಮಾಡುತ್ತದೆ. ಹೇಳಿದ್ದು ಸರಿಯೇ ಎಂದು ತಿರುಗಿ ಕೇಳುವುದಿಲ್ಲ. ನನ್ನ ನೆನಪಿನೊಳಗೆ ಅವನು ಸಾಲಾಗಿ ಮೂರು ಕೋಣೆ ಕಟ್ಟಿದ. ಮೊದಲನೆಯದು ಕೇಜಿನಲ್ಲಿ ಇಳಿಯುವ ತಂಡದ ಮುಖ್ಯಸ್ಥನ ಹೆಸರಿಗೆ. ಅದಕ್ಕೆ ಮೂವತ್ತೆರಡು ಮನೆ, ಅಂದರೆ ಅಕ್ಷರ ಕೂರಿಸುವ ಸಣ್ಣ ಖಾನೆಗಳು. ಅದರ ಪಕ್ಕದ್ದು ಗಂಟೆ ಎಷ್ಟು ಹೊತ್ತು ಬಾರಿಸಬೇಕೆಂಬ ಲೆಕ್ಕಕ್ಕೆ. ಅದರಾಚೆಯದು ಆಳಕ್ಕೆ. ಕೋಣೆಗಳ ನಡುವೆ ಗೋಡೆ ಇರಲಿಲ್ಲ.

ಆಜ್ಞೆಗಳನ್ನು ನನ್ನೊಳಗೆ ತುಂಬುವ ದಿನ ಅವನ ಕಂಪ್ಯೂಟರಿನ ಮೇಲೆ ಹಳದಿ ಸಾಲುಗಳು ಮೂಡಿದವು. ಶೆಡ್ಡಿನ ಮಾಲೀಕ ಬಗ್ಗಿ ನೋಡಿ ಕೇಳಿದ, "ಏನಪಾ ಇವು?"

"ಎಚ್ಚರಿಕಿ ರೀ. ಹೆಸರು ಉದ್ದ ಬಂದ್ರ ಈ ಕೋಣ್ಯಾಗ ಹಿಡಿಸೂದಿಲ್ಲ ಅಂತೈತಿ."

"ಗಣಿಯವ್ರು ಕೊಟ್ಟ ಹೆಸರು ನೋಡಿಯಲ್ಲ?"

"ಎಲ್ಲಾ ಇಂಗ್ಲಿಷ್‌ನ್ಯಾಗ, ಗಿಡ್ಡ ಗಿಡ್ಡ ಅದಾವ."

"ಮತ್ತ? ಲಾರಿ ಬಂದು ನಿಂತೈತಿ."

ಕಟ್ಟಿ ಬಾಗಿಲಾಚೆಯ ಲಾರಿಯನ್ನು ನೋಡಿದ. ಆಮೇಲೆ ಎಚ್ಚರಿಕೆಗಳೇ ಕಾಣದಂತೆ ಏನೋ ಒತ್ತಿದ. ಪರದೆ ಸ್ವಚ್ಛವಾಯಿತು. ನನ್ನೊಳಗೆ ಏನೂ ಬದಲಾಗಿರಲಿಲ್ಲ.

ಗಣಿ ಇದ್ದದ್ದು ರಾಯಚೂರು ಸೀಮೆಯ ಕೆಂಪು ಕಲ್ಲಿನ ಬಯಲಿನಲ್ಲಿ. ಬಾವಿಯ ಪಕ್ಕದ ಯಂತ್ರದ ಕೋಣೆಯಲ್ಲಿ, ಉಕ್ಕಿನ ಹಗ್ಗ ಸುತ್ತಿಕೊಳ್ಳುವ ಮನೆಗಾತ್ರದ ಉರುಳೆಯ ಎದುರಿಗೆ, ನನ್ನನ್ನು ಗೋಡೆಗೆ ಬಿಗಿದರು. ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ಯಂತ್ರ ನೋಡಿಕೊಳ್ಳುತ್ತಿದ್ದವನು ಖಾಸಿಂಸಾಬ. ಬಲಗೈ ಹತ್ತಿರವೇ ತುರ್ತು ಬ್ರೇಕಿನ ಹಿಡಿಕೆ. ನಾನು ಬಂದ ಮೇಲೆ ಅದನ್ನು ಮುಟ್ಟುವ ಪ್ರಸಂಗವೇ ಬರಲಿಲ್ಲ. ಆದರೂ ಅವನ ಕೈ ಅದರ ಸಮೀಪವೇ ಇರುತ್ತಿತ್ತು.

ಕೆಲಸದ ಕ್ರಮ ಸರಳ. ನನ್ನ ಮೇಲಿರುವಂಥದೇ ಗುಂಡಿ, ಪರದೆ, ಕಾರ್ಡು ತೋರಿಸುವ ಜಾಗ ಬಾವಿಯ ಬಾಯಲ್ಲೂ ಇದ್ದವು, ತಂತಿಯಿಂದ ನನಗೆ ಸೇರಿದ್ದವು. ಎಷ್ಟನೆಯ ಹಂತಕ್ಕೆ ಇಳಿಯಬೇಕೋ ಆ ಗುಂಡಿಯನ್ನು ಬಾವಿಯ ಬಾಯಲ್ಲಿ ಒತ್ತುತ್ತಾರೆ. ನಾನು ಆಳವನ್ನು ಅದರ ಕೋಣೆಯಲ್ಲಿ ಬರೆದುಕೊಳ್ಳುತ್ತೇನೆ. ಆಮೇಲೆ ತಂಡದ ಮುಖ್ಯಸ್ಥ ಕಾರ್ಡು ತೋರಿಸುತ್ತಾನೆ. ಅವನ ಹೆಸರು ಪರದೆಯ ಮೇಲೆ ಬರುತ್ತದೆ, ಗಂಟೆ ಬಾರಿಸುತ್ತದೆ, ಕೇಜು ಇಳಿಯುತ್ತದೆ. ಹೀಗೆ ಹತ್ತು ವರ್ಷದ ಮೇಲೆ ನಡೆಯಿತು. ಒಮ್ಮೆಯೂ ತಪ್ಪಲಿಲ್ಲ. ಅಷ್ಟರಲ್ಲಿ ಹುಬ್ಬಳ್ಳಿಯ ಶೆಡ್ಡು ಮುಚ್ಚಿತು. ಮುಚ್ಚುವಾಗ ಮಾಲೀಕ ನನ್ನ ಆಜ್ಞೆಗಳ ಮೂಲಪ್ರತಿಯನ್ನು ಒಂದು ಸಿಡಿಯಲ್ಲಿ ಹಾಕಿ ಗಣಿಗೆ ಕಳಿಸಿದನಂತೆ. ಅದು ಕಪಾಟು ಸೇರಿತು.

ಅನಸೂಯಾ ಮುದಗಲ್ ಯಂತ್ರದ ಕೋಣೆಗೆ ಬಂದದ್ದು ಆಮೇಲೆ. ಅವಳ ತಂದೆ ಅದೇ ಬಾವಿಯಲ್ಲಿ ಇಳಿದು ಕಲ್ಲು ಕೊರೆಯುತ್ತಿದ್ದವನು, ಎದೆಯಲ್ಲಿ ಧೂಳು ಕಟ್ಟಿ ತೀರಿಕೊಂಡವನು. ಮಗಳು ಇಂಜಿನಿಯರಿಂಗ್ ಓದಿ, ಪರೀಕ್ಷೆ ಬರೆದು, ಉಪಕರಣಗಳ ಉಸ್ತುವಾರಿಗೆ ಸೇರಿದ್ದಳು. ಮೊದಲ ದಿನ ಬಾವಿಯ ಬಾಯಿಯನ್ನು ತುಸು ಹೊತ್ತು ನೋಡುತ್ತ ನಿಂತಳು. ಒಳಗೆ ಬಂದು ನನ್ನ ಬಾಗಿಲು ತೆರೆದು, ತಂತಿಗಳ ಮೇಲಿನ ಧೂಳನ್ನು ತನ್ನ ಸೆರಗಿನಿಂದಲೇ ಒರೆಸಿದಳು.

"ಬಟ್ಟಿ ಕೊಡ್ತಿದ್ನಲ್ಲವ್ವಾ," ಎಂದ ಖಾಸಿಂಸಾಬ.

"ಇರಲಿ ಬಿಡ್ರಿ ಕಾಕಾ. ಈ ಧೂಳು ನಮ್ಮ ಮನಿಗೆ ಹೊಸಾದಲ್ಲ."

ಪರದೆ ಕನ್ನಡಕ್ಕೆ ಬದಲಾಗಲಿ ಎಂಬ ಮಾತು ಎತ್ತಿದವನು ಕಾರ್ಮಿಕ ಸಂಘದ ಮುಖಂಡ ಮಲ್ಲಿಕಾರ್ಜುನಸ್ವಾಮಿ. ಎತ್ತರದ ಆಳು, ದನಿ ಇನ್ನೂ ಎತ್ತರ. ನನ್ನೆದುರಿಗೇ ನಿಂತು ಅವನು ಅನಸೂಯಾಗೆ ಹೇಳಿದ್ದು ನನಗೆ ಹಾಗೆಯೇ ನೆನಪಿದೆ.

"ಇಪ್ಪತ್ತು ವರ್ಷ ಆತು ನೋಡ್ರಿ, ಈ ಗಣಿಯೊಳಗ ನಾ ಎಂ. ಸ್ವಾಮಿ. ನಮ್ಮವ್ವ ಒಂದಿನಾನೂ ನನಗ ಎಂ. ಸ್ವಾಮಿ ಅಂತ ಕರ್ದಿಲ್ಲ. ಕೇಜಿನ್ಯಾಗ ಯಾರು ಇಳದಾರ ಅಂತ ಹೊರಗ ನಿಂತ ಹೆಂಡ್ತಿ ಮಕ್ಕಳಿಗೆ ಓದಾಕ ಬರಬಾರದೇನು?"

ಅನಸೂಯಾಗೆ ಆ ಮಾತು ನಾಟಿತು. ಬಾವಿಯ ಬಾಯಲ್ಲಿ ಇಂಗ್ಲಿಷ್ ಅಕ್ಷರ ನೋಡುತ್ತ ಅರ್ಥವಾಗದೆ ನಿಲ್ಲುತ್ತಿದ್ದ ತನ್ನ ತಾಯಿ ಅವಳಿಗೆ ನೆನಪಾಗಿರಬೇಕು. ತಾನೇ ಮುಂದೆ ನಿಂತು ಓಡಾಡಿದಳು. ರಾಜ್ಯೋತ್ಸವದ ದಿನ ಹೊಸ ಪರದೆ ಬಂತು, ಹೊಸ ಕಾರ್ಡುಗಳು ಬಂದವು. ನನ್ನೊಳಗಿನ ಕೋಣೆ ಯಾರಿಗೂ ನೆನಪಾಗಲಿಲ್ಲ. ಮೊದಲು ಮೂಡಿದ ಹೆಸರು ವೀರಭದ್ರಪ್ಪ. ಬಾವಿಯ ಸುತ್ತ ಜನ ಚಪ್ಪಾಳೆ ತಟ್ಟಿದರು. ಅನಸೂಯಾ ಕಣ್ಣು ಒರೆಸಿಕೊಂಡಳು. ಆ ಹೆಸರು ಹೆಸರಿನ ಕೋಣೆಯಲ್ಲಿ ಗೋಡೆಗೆ ಗೋಡೆ ತಾಗುವಂತೆ ಕೂತಿತ್ತು. ಅದು ಯಾರಿಗೂ ಗೊತ್ತಿರಲಿಲ್ಲ.

ಇಂಗ್ಲಿಷಿನ ಒಂದು ಅಕ್ಷರಕ್ಕೆ ನನ್ನಲ್ಲಿ ಒಂದು ಮನೆ ಸಾಕು. ಕನ್ನಡಕ್ಕೆ ಸಾಲದು. ಅಕ್ಷರಕ್ಕೆ ಮೂರು ಮನೆ, ಅದರ ಗುಣಿತಕ್ಕೆ ಬೇರೆ ಮೂರು, ಒತ್ತಿಗೆ ಮತ್ತೆ ಬೇರೆ.

ಕೆಲವು ದಿನಗಳಲ್ಲಿ ಗಂಟೆ ಕೆಟ್ಟಿತು. ಲಕ್ಷ್ಮೀನರಸಿಂಹ ಎಂಬ ಮುಖ್ಯಸ್ಥ ಕಾರ್ಡು ತೋರಿಸಿದಾಗಲೆಲ್ಲ ಅದು ಬಾರಿಸುತ್ತಲೇ ಇರುತ್ತಿತ್ತು, ಕೇಜು ಕೆಳಗೆ ಮುಟ್ಟಿದರೂ ನಿಲ್ಲುತ್ತಿರಲಿಲ್ಲ. ಬಾವಿಯ ಬಾಯಲ್ಲಿ ಆ ಸದ್ದು ಕೇಳಿ ಕೆಲವರು ಇಳಿಯಲು ಹಿಂಜರಿದರು. ಗಂಟೆ ಬದಲಿಸಿದರು. ತಂತಿ ಬದಲಿಸಿದರು. ಮತ್ತೆ ಅವನು ಬಂದ, ಮತ್ತೆ ಬಾರಿಸಿತು.

"ಇವನೊಬ್ಬ ಬಂದ್ರನ ಯಾಕ ಬಾರಸ್ತೈತಿ?" ಎಂದಳು ಅನಸೂಯಾ. ಗಂಟೆಯನ್ನು ಬಿಟ್ಟು ನನ್ನ ಕಡೆ ತಿರುಗಿದಳು. ಆ ನೋಟ ನನ್ನ ಮೇಲೆ ಅದೇ ಮೊದಲ ಸಲ ಹಾಗೆ ಬಿದ್ದದ್ದು.

ಕಪಾಟಿನಿಂದ ಸಿಡಿ ತೆಗೆಸಿ, ನನ್ನ ಎದುರಿನ ಮೇಜಿನ ಮೇಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಳು. ಸ್ಟ್ಯಾಟಿಕ್ ಅನಾಲಿಸಿಸ್ ಮಾಡುವ ಒಂದು ತಂತ್ರಾಂಶ ಅವಳ ಬಳಿ ಇತ್ತು.

"ಇದೇನು ಮಾಡ್ತೈತವ್ವಾ?" ಖಾಸಿಂಸಾಬ ಕೇಳಿದ.

"ಪೆಟ್ಟಿಗಿನ್ನ ಓಡಿಸೂದಿಲ್ಲ ಕಾಕಾ. ಅದಕ್ಕ ಬರದ ಆಜ್ಞೆಗಳನ್ನ ಬರೇ ಓದತೈತಿ. ಎಲ್ಲಿ ಕಾಲು ಜಾರಬಹುದು ಅಂತ ಜಾರೂಕಿಂತ ಮೊದ್ಲ ಹೇಳತೈತಿ."

ಅದು ಹೇಳಿದ್ದು ಒಂದೆರಡಲ್ಲ. ನೂರಾರು ಎಚ್ಚರಿಕೆ. ಬಹಳಷ್ಟು ನಿರುಪದ್ರವಿ, ಕೆಲವು ಸುಳ್ಳೇ. ಬಳಸದೇ ಬಿಟ್ಟ ಕೋಣೆ, ಎಂದೂ ನಡೆಯದ ಆಜ್ಞೆ, ಇಂಥವು. ಬೇರೆಯವರಾಗಿದ್ದರೆ ಮೊದಲ ಪುಟದಲ್ಲೇ ಬೇಸತ್ತು ಮುಚ್ಚುತ್ತಿದ್ದರು. ಅನಸೂಯಾ ದಿನಾ ಮಧ್ಯಾಹ್ನ ಬಂದು, ಒಂದೊಂದಾಗಿ ಬಿಡಿಸಿ ನೋಡಿ, ಸುಳ್ಳಾದದ್ದನ್ನು ತೆಗೆದುಹಾಕುತ್ತ ಹೋದಳು. ಅವಳು ನನ್ನ ಒಳಗನ್ನು ಓದುತ್ತಿದ್ದಳು. ಅಲ್ಲಿ ಏನಿದೆಯೆಂದು ನನಗೇ ಗೊತ್ತಿರಲಿಲ್ಲ. ನನ್ನ ಕೋಣೆಯಲ್ಲಿ ಬರೆದದ್ದೆಲ್ಲ ನನಗೆ ಸತ್ಯ. ಅನುಮಾನಪಡುವ ಶಕ್ತಿಯನ್ನು ಯಾರೂ ನನಗೆ ಕೊಟ್ಟಿರಲಿಲ್ಲ.

ಒಂದು ಮಧ್ಯಾಹ್ನ ಅವಳ ಬೆರಳು ನಿಂತಿತು. ಹೆಸರನ್ನು ಕಾರ್ಡಿನಿಂದ ತಂದು ಕೋಣೆಯಲ್ಲಿ ಬರೆ ಎಂಬ ಆಜ್ಞೆ. ಎಷ್ಟು ಉದ್ದ ಎಂದು ಕೇಳು ಎಂಬ ಮಾತು ಅದರಲ್ಲಿರಲಿಲ್ಲ. ಅವಳು ಕಾಗದದ ಮೇಲೆ ಮೂರು ಚೌಕ ಬರೆದಳು. ಹೆಸರು, ಗಂಟೆ, ಆಳ. ಲಕ್ಷ್ಮೀನರಸಿಂಹ ಎಂದು ಮನೆ ಮನೆಯಾಗಿ ತುಂಬುತ್ತ ಹೋದಳು. ಅವನ ಬಾಲ ಗಂಟೆಯ ಕೋಣೆಯ ಕೊನೆಯ ಮನೆಗೆ ಬಂದು ನಿಂತಿತು. ಆಮೇಲೆ ಇನ್ನೊಂದು ಹೆಸರು ಬರೆದಳು. ಅರ್ಧ ಬರೆಯುವಷ್ಟರಲ್ಲಿ ಪೆನ್ನು ಕೆಳಗಿಟ್ಟಳು.

"ಯಾ ಅಲ್ಲಾ, ಯಾಕವ್ವಾ ಮಾರಿ ಹಂಗಾತು?"

"ಮಲ್ಲಣ್ಣ ಇಳೀತಾನೇನು ಕಾಕಾ ಈಗ?"

"ಇಲ್ಲ. ಸಂಘದ ಕೆಲಸ ಅಂತ ಮ್ಯಾಲ ಅದಾನ. ಹೊಸ ವರ್ಷಕ್ಕ ತಂಡ ತಗೊಂಡು ಮತ್ತ ಇಳೀತಾನಂತ."

ಮುಖ್ಯ ಇಂಜಿನಿಯರ್ ಗಲಗಲಿ ಯಂತ್ರದ ಕೋಣೆಗೇ ಬಂದರು. ಕೆಟ್ಟವರಲ್ಲ. ಮೇಲಿನವರಿಗೂ ಕೆಳಗಿನವರಿಗೂ ಉತ್ತರ ಹೇಳಿ ಹೇಳಿ ದಣಿದವರು. ಅನಸೂಯಾ ಚೌಕಗಳನ್ನು ತೋರಿಸಿದಳು.

"ಆಳದ ಕೋಣೆ ಮ್ಯಾಲ ಹೆಸರು ಬಿದ್ರ, ಕೇಜು ಎಲ್ಲಿ ನಿಲ್ಲಬೇಕು ಅನ್ನೂದು ಪೆಟ್ಟಿಗಿಗೆ ಮರ್ತು ಹೋಗ್ತೈತ್ರಿ ಸರ್. ಸರಿಪಡಿಸೂತನಕಾ ಪರದೆ ಹಳೇದನ್ನ ಹಾಕೂಣ್ರಿ."

"ಕನ್ನಡ ತೆಗೀಬೇಕೇನು? ರಾಜ್ಯೋತ್ಸವಕ್ಕ ಹಾಕಿ, ಡಿಸೆಂಬರಿಗೆ ತೆಗದ್ರ ಸಂಘದವ್ರು ಸುಮ್ನ ಬಿಡ್ತಾರ? ನೀವ ಹಾಕ್ಸಿದ್ದಲ್ಲ?"

"ಹೌದ್ರಿ. ಅದಕ್ಕ ನಾನ ಹೇಳಾಕತ್ತೀನಿ."

"ಒಂದ್ಸಲಾನಾದ್ರೂ ಆಗೇತೇನು?"

"ಇಲ್ರಿ."

"ಆಗದೇ ಇರೂದನ್ನ ಮ್ಯಾಲಕ್ಕ ಹೆಂಗ ಬರೀಲಿ ನಾ? ಸಂಕ್ರಾಂತಿಗೆ ಯಂತ್ರ ನಿಲ್ಲಿಸ್ತೀವಿ. ಆವಾಗ ಸರಿ ಮಾಡ್ರಿ. ಅಲ್ಲೀತನಕಾ ಉದ್ದ ಹೆಸರಿನವ್ರಿಗೆ ಗಿಡ್ಡ ಮಾಡಿ ಕಾರ್ಡು ಕೊಡಸ್ರಿ. ಸಾಕು."

ಅವಳು ಹಾಗೇ ಮಾಡಿಸಿದಳು. ಲಕ್ಷ್ಮೀನರಸಿಂಹ ಎಲ್. ನರಸಿಂಹನಾದ. ಗಂಟೆ ಸುಮ್ಮನಾಯಿತು. ಅದು ಸುಮ್ಮನಾದದ್ದೇ ಕೆಟ್ಟದ್ದಾಯಿತು ಎಂದು ಈಗ ಅನಿಸುತ್ತದೆ. ಸದ್ದು ನಿಂತ ಮೇಲೆ ಭಯವೂ ನಿಂತಿತು. ಗಲಗಲಿಯವರ ಮಟ್ಟಿಗೆ ವಿಷಯ ಮುಗಿದಿತ್ತು.

ಎಂ. ಸ್ವಾಮಿ ಎಂದು ಬರೆದ ಕಾರ್ಡು ಕೈಗೆ ಬಂದಾಗ ಮಲ್ಲಿಕಾರ್ಜುನಸ್ವಾಮಿ ಅದನ್ನು ಹಿಡಿದುಕೊಂಡೇ ಅನಸೂಯಾಳನ್ನು ಹುಡುಕಿ ಬಂದ.

"ಎಲ್ಲಾರಿಗೂ ಪೂರಾ ಹೆಸರು. ಜಗಳಾ ಮಾಡಿ ತಂದಾಂವಗ ಮತ್ತ ಇದಾ?"

ಅನಸೂಯಾ ತಾಳ್ಮೆಯಿಂದ ಹೇಳಿದಳು. "ನಿಮ್ಮ ಬಟ್ಟಿ ಕಪಾಟು ಐತಲ್ಲ ಮಲ್ಲಣ್ಣ, ನಡುವಿನ ತಗಡು ಹೋಗೇತಿ. ನೀವು ಉದ್ದ ಸಲಾಕಿ ಒಳಗ ತುರುಕಿದ್ರ ಪಕ್ಕದಾಂವನ ಬುತ್ತಿ ಡಬ್ಬಿಗೆ ಬಡೀತೈತಿ. ಸಲಾಕಿದು ತಪ್ಪಲ್ಲ. ಕಪಾಟು ಸಣ್ಣದು, ನಡುವ ತಗಡಿಲ್ಲ. ಸಂಕ್ರಾಂತಿಗೆ ನಾನ ದೊಡ್ಡದು ಮಾಡ್ತೀನಿ."

"ಆಗೂತನಕಾ ನನ್ನ ಹೆಸರು ಅಪಾಯ ಅಂದಂಗಾತು."

"ಒಂದು ತಿಂಗಳಣ್ಣಾ."

ಅವನು ಕಾರ್ಡು ಜೇಬಿಗೆ ತುರುಕಿಕೊಂಡು ಹೋದ. ಅವನು ನೆಟ್ಟಗೆ ಗಲಗಲಿಯವರ ಬಳಿ ಹೋದದ್ದೂ, ಸಂಘದ ಜೊತೆ ಹೊಸ ವರ್ಷದಲ್ಲಿ ಜಗಳ ಬೇಡವೆಂದು ಅವರು ಪೂರ್ಣ ಹೆಸರಿನ ಕಾರ್ಡಿಗೆ ರುಜು ಹಾಕಿದ್ದೂ ನಮಗೆ ಗೊತ್ತಾಗಲಿಲ್ಲ. ಅನಸೂಯಾಗೆ ಯಾರೂ ಹೇಳಲಿಲ್ಲ.

ಸಂಕ್ರಾಂತಿಗೆ ಮೊದಲಿನ ವಾರ, ಜನವರಿಯ ಒಂದು ಬೆಳಿಗ್ಗೆ. ಚಳಿಗೆ ಉರುಳೆಯ ಮೇಲೆ ಎಣ್ಣೆ ಗಟ್ಟಿಯಾಗಿತ್ತು. ಅನಸೂಯಾ ಮೋಟಾರಿನ ಶಾಖ ನೋಡಲು ಬಂದಿದ್ದಳು. ಖಾಸಿಂಸಾಬ ಎಡಗೈಯಲ್ಲಿ ಚಹಾ ಹಿಡಿದಿದ್ದ. ಬಾವಿಯ ಬಾಯಲ್ಲಿ ಹನ್ನೆರಡನೆಯ ಹಂತದ ಗುಂಡಿ ಒತ್ತಿದರು. ನಾನು ಆಳ ಬರೆದುಕೊಂಡೆ. ಕಾರ್ಡು ಬಂತು.

ಮ. ಲ್ಲಿ. ಕಾ. ರ್ಜು. ಅಷ್ಟರಲ್ಲಿ ಕೋಣೆ ತುಂಬಿತು. ನಿಲ್ಲು ಎಂದು ಯಾರೂ ಹೇಳಿರಲಿಲ್ಲ, ನಾನು ಬರೆಯುತ್ತ ಹೋದೆ. ಗಂಟೆಯ ಕೋಣೆಯೂ ತುಂಬಿತು. ಉಳಿದ 'ಸ್ವಾಮಿ' ಹೋಗಿ ಆಳದ ಮೇಲೆ ಬಿತ್ತು. ಹನ್ನೆರಡನೆಯ ಹಂತ ಅಳಿಸಿಹೋಗಿ, ಆ ಬಾವಿಗೇ ಇಲ್ಲದ ಒಂದು ಆಳ ಅಲ್ಲಿ ಕೂತಿತು. ನಾನು ಅದನ್ನು ನಂಬಿದೆ. ಮೋಟಾರಿಗೆ ಹೇಳಿದೆ.

ಪರದೆಯ ಮೇಲೆ ಹೆಸರು ಪೂರ್ತಿಯಾಗಿ, ಒಂದು ಒತ್ತೂ ತಪ್ಪದೆ ಮೂಡಿತ್ತು. ಹೊರಗೆ ಯಾರೋ ಸಿಳ್ಳೆ ಹಾಕಿದರು. ಗಂಟೆ ಬಾರಿಸತೊಡಗಿತು, ನಿಲ್ಲಲಿಲ್ಲ. ಅನಸೂಯಾ ತಲೆಯೆತ್ತಿ ನೋಡಿದಳು. ಓದಿದಳು. ಕೇಜು ಆಗಲೇ ವೇಗ ಹಿಡಿದಿತ್ತು.

"ಕಾಕಾ, ಬ್ರೇಕ್! ಹಾಕ್ರಿ ಬ್ರೇಕ್!"

ಖಾಸಿಂಸಾಬ ಯಾಕೆ ಎಂದು ಕೇಳಲಿಲ್ಲ. ಆದರೂ ಒಂದು ಕ್ಷಣ, ಉರುಳೆಗೇ ಜೋಡಿಸಿದ್ದ, ಆಳ ತೋರಿಸುವ ಮುಳ್ಳಿನ ಕಡೆ ನೋಡಿದ. ಹನ್ನೆರಡನೆಯ ಹಂತಕ್ಕೆ ಮೊದಲೇ ಕೇಜು ನಿಧಾನವಾಗಬೇಕು. ಆಗಲಿಲ್ಲ. ಮುಳ್ಳು ಹನ್ನೆರಡನ್ನು ದಾಟಿತು. ಚಹಾದ ಲೋಟ ನೆಲಕ್ಕೆ ಬಿತ್ತು. ಎರಡೂ ಕೈಯಲ್ಲಿ ಹಿಡಿಕೆ ಎಳೆದ. ಉರುಳೆ ಕಿರುಚಿತು, ಹೊಗೆ ಎದ್ದಿತು, ಹಗ್ಗ ನಡುಗಿ ನಡುಗಿ ನಿಂತಿತು. ಬಾವಿಯ ತಳದ ಕೆಸರು ನೀರಿಗೆ ಕೇಜು ಇನ್ನೂ ಮುಟ್ಟಿರಲಿಲ್ಲ. ಒಂದು ಮನೆಯ ಎತ್ತರವಷ್ಟೇ ಉಳಿದಿತ್ತು.

ಕೇಜಿನ ಫೋನಿನಲ್ಲಿ ಮೊದಲು ಬಂದದ್ದು ಮಾತಲ್ಲ, ನರಳಾಟ. ಮೇಲೆತ್ತಿದಾಗ ಮಲ್ಲಿಕಾರ್ಜುನಸ್ವಾಮಿಯ ಎರಡೂ ಮೊಣಕಾಲು ಮುರಿದಿದ್ದವು. ದುರುಗಪ್ಪ ಎಂಬವನು, ಕಲ್ಲು ತುಂಬುವ ಕೆಲಸದವನು, ತಲೆ ಕಂಬಿಗೆ ಬಡಿದು ಸತ್ತಿದ್ದ. ಅವನ ಹೆಂಡತಿ ಬಾವಿಯ ಬಾಯಿಗೆ ಓಡಿಬಂದಳು. ಪರದೆಯ ಮೇಲೆ ಇನ್ನೂ ಮಲ್ಲಿಕಾರ್ಜುನಸ್ವಾಮಿ ಎಂಬ ಹೆಸರೇ ಇತ್ತು. ಗಂಟೆ ಬಾರಿಸುತ್ತಲೇ ಇತ್ತು. ಅನಸೂಯಾ ಬಂದು ನನ್ನ ಪ್ಲಗ್ಗು ಕಿತ್ತಳು.

ಗಣಿಯ ದೊಡ್ಡ ಹಾಲಿನಲ್ಲಿ ವಿಚಾರಣೆ ನಡೆಯಿತು. ನನ್ನನ್ನೂ ಕೊಂಡೊಯ್ದು ಮೇಜಿನ ಮೇಲಿಟ್ಟರು. ತನಿಖೆಗೆ ಬಂದ ಅಧಿಕಾರಿ ವಯಸ್ಸಾದವರು, ಕಡಿಮೆ ಮಾತಿನವರು. ಬ್ರೇಕನ್ನು ಒಮ್ಮೆಲೇ ಎಳೆದದ್ದರಿಂದ ಸಾವಾಯಿತು, ಯಂತ್ರ ತಾನೇ ನಿಲ್ಲುತ್ತಿತ್ತು ಎಂದು ಆಡಳಿತದವರು ಬರೆದುಕೊಟ್ಟಿದ್ದರು. ಅಂದರೆ ತಪ್ಪು ಖಾಸಿಂಸಾಬನದು. ಅವನು ಮೂಲೆಯಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ.

ಅನಸೂಯಾ ಎದ್ದು ನಿಂತಳು. "ಪೆಟ್ಟಿಗಿನ್ನ ಇಲ್ಲೇ ಚಾಲೂ ಮಾಡ್ತೀನ್ರಿ. ಮಲ್ಲಣ್ಣ ಕಾರ್ಡು ತೋರಿಸ್ಲಿ."

ಗಾಲಿಕುರ್ಚಿಯಲ್ಲಿದ್ದ ಮಲ್ಲಿಕಾರ್ಜುನಸ್ವಾಮಿ ಕಾರ್ಡು ತೆಗೆದ. ಅವಳು ಹನ್ನೆರಡನೆಯ ಹಂತ ಒತ್ತಿದಳು. ಪಕ್ಕದ ಲ್ಯಾಪ್‌ಟಾಪಿನಲ್ಲಿ ಆಳ ಸರಿಯಾಗಿ ಕಂಡಿತು. ಅವನು ಕಾರ್ಡು ನನಗೆ ತಾಗಿಸಿದ. ಆಳದ ಅಂಕಿ ಹಾರಿ ಎಲ್ಲಿಗೋ ಹೋಯಿತು. ನಾನು ಆಗಲೂ ಹೇಳಿದಷ್ಟನ್ನೇ ಮಾಡಿದ್ದೆ.

ಅಧಿಕಾರಿ ಮತ್ತೊಮ್ಮೆ ಮಾಡಿಸಿ ನೋಡಿದರು. ಆಮೇಲೆ ಗಲಗಲಿಯವರ ಕಡೆ ತಿರುಗಿದರು. ಗಲಗಲಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಹೇಳಿದರು, "ಈ ಹುಡುಗಿ ಹೇಳಿದ್ಲು. ಆಗಲಿಕ್ಕಿಲ್ಲ ಅಂದ್ಕೊಂಡೆ. ಕಾರ್ಡಿಗೆ ರುಜು ನಂದ."

ಮಲ್ಲಿಕಾರ್ಜುನಸ್ವಾಮಿ ಯಾರ ಕಡೆಯೂ ನೋಡದೆ ಕೇಳಿದ, "ನನ್ನ ಹೆಸರಿಂದನ ಏನವ್ವಾ ದುರುಗಪ್ಪ ಹೋಗಿದ್ದು?"

"ಅಲ್ಲಣ್ಣಾ," ಎಂದಳು ಅನಸೂಯಾ. "ಹೆಸರು ಎಷ್ಟು ಉದ್ದ ಅಂತ ಯಾರೂ ಕೇಳಲಿಲ್ಲಲ್ಲ, ಅದಕ್ಕ."

ಅವನು ತಲೆಯಾಡಿಸಿದ. ಆ ಉತ್ತರ ಅವನ ಒಳಗೆ ಇಳಿದಂತೆ ಕಾಣಲಿಲ್ಲ.

ಖಾಸಿಂಸಾಬನ ಮೇಲಿನ ಆರೋಪ ಬಿದ್ದುಹೋಯಿತು. ಗಲಗಲಿ ಕೆಲಸ ಕಳೆದುಕೊಂಡರು. ನನ್ನ ಜಾಗಕ್ಕೆ ಹೊಸ ಪೆಟ್ಟಿಗೆ ಬಂತು. ಅದರ ಆಜ್ಞೆಗಳನ್ನು ಅನಸೂಯಾ ಸಾಲು ಸಾಲಾಗಿ ಪರೀಕ್ಷಿಸಿದಳು, ಒಂದು ಎಚ್ಚರಿಕೆಯನ್ನೂ ಉಳಿಸಲಿಲ್ಲ. ನನ್ನನ್ನು ಉಗ್ರಾಣದಲ್ಲಿ ಹರಿದ ಬೆಲ್ಟು, ಮುರಿದ ಪಂಪುಗಳ ನಡುವೆ ಇಟ್ಟರು. ಪರದೆ ಸತ್ತಿದೆ. ಗುಂಡಿಗಳ ಸಂದಿನಲ್ಲಿ ಜೇಡ ಮನೆ ಮಾಡಿದೆ. ನಾನು ಇಲ್ಲಿ ಯಾರನ್ನೂ ಎಲ್ಲಿಗೂ ಇಳಿಸುವುದಿಲ್ಲ. ಅದೊಂದು ಸಮಾಧಾನ ಎನ್ನಬಹುದಿತ್ತು.

ಆದರೆ ವಿಚಾರಣೆಯ ಕೊನೆಯಲ್ಲಿ ಆ ಅಧಿಕಾರಿ ಒಂದು ಪ್ರಶ್ನೆ ಕೇಳಿದ್ದರು. ಇಂಥ ಪೆಟ್ಟಿಗೆಗಳು ಇನ್ನೆಲ್ಲಿ ಇವೆ? ಯಾರಿಗೂ ಗೊತ್ತಿರಲಿಲ್ಲ. ನನ್ನ ಜೊತೆ ಹುಟ್ಟಿದವರು ಇರಬಹುದೆಂದು ನಾನೂ ಯೋಚಿಸಿರಲಿಲ್ಲ.

ಅಂದಿನಿಂದ ಅನಸೂಯಾ ಹುಡುಕುತ್ತಿದ್ದಾಳೆ. ಬಿಡುವಾದಾಗ ಉಗ್ರಾಣಕ್ಕೆ ಬಂದು, ನನ್ನ ಬೆನ್ನಿನ ಮೇಲಿನ ನಂಬರು ನೋಡಿಕೊಂಡು, ಅಂಥದ್ದೇ ಪೆಟ್ಟಿಗೆ ಕೊಂಡಿರಬಹುದಾದವರಿಗೆಲ್ಲ ಫೋನು ಮಾಡುತ್ತಾಳೆ. ಕೆಲವರು ಎತ್ತುವುದಿಲ್ಲ. ಕೆಲವರು ನಮ್ಮಲ್ಲಿಲ್ಲ ಎನ್ನುತ್ತಾರೆ. ನಿನ್ನೆ ಒಬ್ಬರು ಸಿಕ್ಕರು. ಘಟ್ಟದ ಬುಡದಲ್ಲಿ, ನೆಲದೊಳಗೆ ಕಟ್ಟಿದ ಒಂದು ವಿದ್ಯುದಾಗಾರ. ಕಡಿದಾದ ಸುರಂಗದಲ್ಲಿ ಕೆಲಸದವರನ್ನು ಟ್ರಾಲಿಯಲ್ಲಿ ಇಳಿಸುತ್ತಾರೆ. ಅವಳು ಫೋನನ್ನು ನನ್ನ ತಲೆಯ ಮೇಲಿಟ್ಟು, ಸ್ಪೀಕರ್ ಹಾಕಿ, ನಂಬರು ಓದಿದಳು.

"ಹೌದು ಮೇಡಂ, ಅದೇ ಕಂಪೆನಿದ್ದು. ಬೂದಿ ಬಣ್ಣ," ಎಂದಿತು ಆ ಕಡೆಯ ನಗುನಗುವ ದನಿ. "ಆದ್ರೆ ನಮ್ಮಲ್ಲಿ ಎಂತ ತೊಂದರೆಯೂ ಇಲ್ಲ. ಇಷ್ಟು ವರ್ಷಕ್ಕೂ ಒಂದು ದಿನ ಕೈ ಕೊಟ್ಟದ್ದಿಲ್ಲ."

"ಹೆಸರು ಯಾವ ಭಾಷಾದಾಗ ಬರ್ತಾವ್ರಿ?"

"ಇಷ್ಟು ದಿನ ಇಂಗ್ಲಿಷೇ. ನಿಮ್ಮಲ್ಲಿ ಕನ್ನಡ ಮಾಡಿದ್ದು ಪೇಪರಿನಲ್ಲಿ ಬಂದಿತ್ತಲ್ಲ, ನಮ್ಮ ಹುಡುಗರಿಗೂ ಆಸೆ ಆಯ್ತು. ನಾಳೆ ಬೆಳಿಗ್ಗೆ ಸುರು ಮಾಡ್ತಾ ಇದ್ದೇವೆ."

"ಮಾಡಬ್ಯಾಡ್ರಿ! ಕೇಳಸ್ತೈತೇನ್ರಿ? ಇಳಿಸಬ್ಯಾಡ್ರಿ ಯಾರನ್ನೂ!"

ಆ ಕಡೆ ಬರೀ ಸುಯ್ಯೆನ್ನುವ ಗಾಳಿ. ಘಟ್ಟದಲ್ಲಿ ಸಿಗ್ನಲ್ಲು ಹೋಗಿತ್ತು. ಅವಳು ಮತ್ತೆ ಮತ್ತೆ ಒತ್ತಿದಳು. ಹತ್ತಲಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡು, ಉಗ್ರಾಣದ ಬಾಗಿಲು ಮುಚ್ಚುವುದನ್ನೂ ಮರೆತು, ಬಸ್ ನಿಲ್ದಾಣದ ಕಡೆ ಓಡಿದಳು. ಹೊರಗೆ ಬೆಳಕು ಇಳಿಯುತ್ತಿತ್ತು, ಘಟ್ಟ ಬಹಳ ದೂರ.

ಈಗ ಬೆಳಗಾಗಿದೆ. ತೆರೆದೇ ಇರುವ ಬಾಗಿಲಿನಿಂದ ಬಿಸಿಲು ನನ್ನವರೆಗೂ ಬಂದಿದೆ. ಆ ಸುರಂಗದ ಬಾಯಲ್ಲಿ ಯಾರೋ ಗುಂಡಿ ಒತ್ತುವ ಹೊತ್ತು ಇದು. ಅಲ್ಲಿನ ಪೆಟ್ಟಿಗೆಗೂ ನನ್ನಷ್ಟೇ ಬುದ್ಧಿ.